ಮೆಣಸಿನಕಾಯಿ ಅಮ್ಮನ ಮಧ್ಯಾಹ್ನದ ಆಟ

ಕುಮಾಸಿಯ ಕೆಜೆಟಿಯಾ ಮಾರುಕಟ್ಟೆಯಲ್ಲಿ ಫೋಸುವಾಳಿಗೆ ಟೊಮೆಟೊ ಮಾರುವವರಿರಲಿಲ್ಲ.

ಅವಳು ಬರುವುದನ್ನು ಕಂಡೊಡನೆ ಹೆಂಗಸರು ಬುಟ್ಟಿಯ ಮೇಲೆ ಬಟ್ಟೆ ಎಳೆದುಬಿಡುತ್ತಿದ್ದರು. "ಮುಗೀತು, ಮುಗೀತು. ಸೊಸೆ ಕಣ್ಣೀರಿದೆಯಲ್ಲ, ಅದರಲ್ಲೇ ಸಾರು ಮಾಡ್ಕೋ ಹೋಗು." ನಲವತ್ತು ವರ್ಷ ರಂಗದ ಮೇಲೆ, ಟೀವಿಯಲ್ಲಿ, ಸಿನಿಮಾದಲ್ಲಿ ಸೊಸೆಯಂದಿರನ್ನು ಗೋಳುಹೊಯ್ದುಕೊಂಡದ್ದಕ್ಕೆ ಊರು ಕೊಟ್ಟ ಸಂಬಳ ಅದು. ಕುಮಾಸಿಯಲ್ಲಿ ಅವಳ ಸ್ವಂತ ಹೆಸರು ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ. ಎಲ್ಲರಿಗೂ ಅವಳು ಮೆಣಸಿನಕಾಯಿ ಅಮ್ಮ.

ಹೀಗಾಗಿ ಸಂತೆಗೆ ಹೋಗುವ ಕೆಲಸ ಸೊಸೆ ಅಚಿಯಾಳದಾಯಿತು. ಗಂಡ ತೀರಿಕೊಂಡಂದಿನಿಂದ ಅವಳು ಉಡುತ್ತಿದ್ದ ಕಪ್ಪು ಬಟ್ಟೆ ನೋಡಿ ಟೊಮೆಟೊದವಳು ತೂಕಕ್ಕೆ ಮೇಲೆ ಎರಡು ಹಣ್ಣು ಹಾಕುತ್ತಿದ್ದಳು.

"ಆ ಹೆಂಗಸು ನಿಂಗೆ ಊಟ ಹಾಕ್ತಾಳಾ ಮಗಳೇ?"

"ಹಾಕ್ತಾರೆ."

"ನನ್ನ ಹತ್ರ ಹೆದರಬೇಡ. ಗೋಡೆಗೆ ಕಿವಿ ಇರಬಹುದು, ಟೊಮೆಟೊಗಿಲ್ಲ."

"ನಿಜವಾಗ್ಲೂ ಹಾಕ್ತಾರೆ. ಅವರೇ ಮಾಡಿ ಹಾಕ್ತಾರೆ."

ಟೊಮೆಟೊದವಳು ಪಕ್ಕದವಳ ಕಡೆ ತಿರುಗಿ ತುಟಿ ಕಚ್ಚಿದಳು. "ನೋಡಿದ್ಯಾ? ಎಷ್ಟು ಹೆದರಿಸಿಟ್ಟಿದ್ದಾಳೆ!"

ಮನೆಗೆ ಬಂದು ಇದನ್ನು ಹೇಳಿದಾಗ ಫೋಸುವಾ ಚಾಕು ಕೆಳಗಿಟ್ಟು ಸೊಸೆಯನ್ನು ಗದರಿದಳು. "ಊಟ ಹಾಕ್ತಾರೆ ಅಂದುಬಿಟ್ಯಾ? ತಾಯಿ, ನನ್ನ ಹೊಟ್ಟೆ ಮೇಲೆ ಹೊಡೀಬೇಡ. ನಾನು ಒಳ್ಳೆಯವಳು ಅಂತ ಗೊತ್ತಾದರೆ ಟಿಕೆಟ್ ಯಾರು ತಗೋತಾರೆ?"

ಮನೆಯಲ್ಲಿ ಫೋಸುವಾಳ ದನಿ ಸಣ್ಣದು. ಪಕ್ಕದ ಕೋಣೆಗೂ ಕೇಳಿಸದಷ್ಟು. ಮದುವೆಯಾಗಿ ಬಂದ ಹೊಸದರಲ್ಲಿ ಅಚಿಯಾ ಇದನ್ನು ನಂಬಿರಲಿಲ್ಲ. ಚಿಕ್ಕಂದಿನಲ್ಲಿ ಟೀವಿಯಲ್ಲಿ ಆ ಮುಖ ಕಂಡರೆ ಅವಳು ಮಂಚದ ಕೆಳಗೆ ಸೇರುತ್ತಿದ್ದಳು. "ನಮ್ಮಮ್ಮ ಕಚ್ಚಲ್ಲ" ಎಂದು ಗಂಡ ಅಕೆಂಟೆನ್ ನಕ್ಕಿದ್ದ. ಅವನು ರಸ್ತೆ ಕಟ್ಟಿಸುವ ಇಂಜಿನಿಯರ್. ರಜೆಯ ದಿನಗಳಲ್ಲಿ ತಾನೇ ನಿಂತು ಈ ಮನೆ ಕಟ್ಟಿಸಿದ. ಅಡುಗೆಮನೆಯ ಕಿಟಕಿಯನ್ನು ಮಾತ್ರ ಅಳತೆ ತಪ್ಪಿ ಎತ್ತರಕ್ಕೆ ಇಡಿಸಿದ್ದ. ಹೊರಗೆ ನೋಡಬೇಕೆಂದರೆ ಅಚಿಯಾ ಮಣೆ ಹತ್ತಬೇಕು. "ಸೇತುವೆಯನ್ನೂ ಹೀಗೇ ಕಟ್ಟಿಸ್ತೀರಾ?" ಎಂದು ಅವಳು ಕೇಳುವುದು, ಅವನು ಮಣೆ ತಂದಿಡುವುದು. ಇದು ಎರಡು ವರ್ಷ ನಡೆಯಿತು. ಆಮೇಲೆ ಒಂದು ಬೆಳಗ್ಗೆ ಅಕ್ರಾ ರಸ್ತೆಯಲ್ಲಿ ಮರದ ದಿಮ್ಮಿ ಹೇರಿದ ಲಾರಿಯೊಂದು ಅವನ ಕಾರಿನ ಮೇಲೆ ಮಗುಚಿಕೊಂಡಿತು.

ಶವಸಂಸ್ಕಾರದ ದಿನ ಅಚಿಯಾ ಅಳಲಿಲ್ಲ. ಅಳಬಾರದು ಎಂದಲ್ಲ, ಬರಲಿಲ್ಲ. ಕೆಂಪು ಕಪ್ಪು ಬಟ್ಟೆ ಉಟ್ಟು ಕೂತಿದ್ದ ಹೆಂಗಸರು ಅದನ್ನು ಗಮನಿಸತೊಡಗಿದ್ದರು. ಅಳದ ವಿಧವೆಯ ಬಗ್ಗೆ ಜನ ಏನು ಹೇಳುತ್ತಾರೆಂಬುದು ಎಲ್ಲರಿಗೂ ಗೊತ್ತು. ಆಗ ಫೋಸುವಾ ಎದ್ದು ಸೊಸೆಯ ಮುಂದೆ, ಅವಳ ಮುಖ ಯಾರಿಗೂ ಕಾಣದ ಹಾಗೆ ನಿಂತು, ಬಾಯಿ ತೆರೆದಳು. ಆ ಗೋಳು ಡೋಲುಗಳನ್ನು ನಿಲ್ಲಿಸಿತು. ಮಗ ಹುಟ್ಟಿದ ದಿನ ಬಿದ್ದ ಮಳೆಯಿಂದ ಹಿಡಿದು ಅವನು ಬಿಟ್ಟುಹೋದ ಚಪ್ಪಲಿಯವರೆಗೆ ಒಂದೊಂದನ್ನೂ ಹೆಸರಿಟ್ಟು ಕರೆದು ಅತ್ತಳು. ಮರದ ಮೇಲಿದ್ದ ಬಾವಲಿಗಳು ಹಗಲಿನಲ್ಲೇ ಎದ್ದು ಹಾರಿದವು ಎಂದು ಜನ ಈಗಲೂ ಹೇಳುತ್ತಾರೆ. ಅಚಿಯಾಳ ಕಡೆ ಮತ್ತೆ ಯಾರೂ ನೋಡಲಿಲ್ಲ. ಅದರಲ್ಲಿ ಎಷ್ಟು ತಾಯಿಯದು, ಎಷ್ಟು ನಟಿಯದು ಎಂದು ಅಚಿಯಾ ಕೇಳಲಿಲ್ಲ. ಕೇಳುವಂಥ ಪ್ರಶ್ನೆ ಅದಲ್ಲ ಎನಿಸಿತು.

ಆ ವರ್ಷವೆಲ್ಲ ಸಂಜೆ ಬೇಯಿಸಿದ ಮರಗೆಣಸನ್ನು ಫುಫು ಮುದ್ದೆಗೆಂದು ಕುಟ್ಟುವಾಗ ಫೋಸುವಾ ತನ್ನ ಹಳೆಯ ಕಥೆ ಹೇಳುತ್ತಿದ್ದಳು. ಅಚಿಯಾ ಒನಕೆ ಎತ್ತಿ ಹಾಕುವುದು, ಫೋಸುವಾ ಒರಳಲ್ಲಿ ಕೈಯಾಡಿಸಿ ಹಿಟ್ಟು ಮಗುಚುವುದು. ಕಥೆ ಎಲ್ಲಿಗೆ ಬಂದರೂ ಆ ಕೈ ಒನಕೆಗೆ ಸಿಕ್ಕುತ್ತಿರಲಿಲ್ಲ.

ಅವಳು ನಾಟಕದ ಕಂಪನಿ ಸೇರಿದ್ದು ಹದಿನಾರನೆಯ ವಯಸ್ಸಿಗೆ. ಆಗ ಹೆಣ್ಣು ಪಾತ್ರ ಮಾಡುತ್ತಿದ್ದವರು ಹೆಚ್ಚಾಗಿ ಗಂಡಸರು. ಅಂಪೊಫೊ ಎಂಬಾತ ದಿನಕ್ಕೆರಡು ಸಲ ಮೀಸೆ ಬೋಳಿಸಿಕೊಂಡು ಲಂಗ ತೊಟ್ಟು ಮಲತಾಯಿ ಆಗುತ್ತಿದ್ದ. ಲಾರಿಯಲ್ಲಿ ಊರೂರು ತಿರುಗಿ, ಶಾಲೆಯ ಅಂಗಳದಲ್ಲೋ ಕೋಕೋ ಒಣಗಿಸುವ ಕಣದಲ್ಲೋ ಆಟ ಹಾಕುತ್ತಿದ್ದರು. ಫೋಸುವಾ ಅನಾಥ ಹುಡುಗಿಯ ಪಾತ್ರ ಮಾಡುತ್ತಿದ್ದಳು. ಮಲತಾಯಿ ಉಪವಾಸ ಕೆಡವಿದಾಗ ನೋಡುತ್ತಿದ್ದ ಹೆಂಗಸರಿಗೆ ತಡೆಯುತ್ತಿರಲಿಲ್ಲ. ಎದ್ದು ರಂಗ ಹತ್ತಿ ಅವಳ ಕೈಗೆ ಕೆಂಕಿ ಮುದ್ದೆ, ಹುರಿದ ಮೀನು ಕೊಟ್ಟು, ಕಣ್ಣೊರೆಸಿ ಇಳಿಯುತ್ತಿದ್ದರು. ಆ ಆಟಗಳಲ್ಲಿ ಅದು ರೂಢಿ. ಆಟ ನಿಲ್ಲುತ್ತಿರಲಿಲ್ಲ. ಕೊಟ್ಟದ್ದನ್ನು ತಿನ್ನುತ್ತಲೇ ಪಾತ್ರ ಮುಂದುವರಿಯಬೇಕು.

"ನಮ್ಮೂರಲ್ಲಿ ಆಟ ಆದಾಗ ಯಾರು ಬಂದ ಗೊತ್ತಾ?" ಫೋಸುವಾ ಒರಳಿನ ಮೇಲೆ ಬಾಗಿದಂತೆಯೇ ನಕ್ಕಳು. "ನನ್ನ ತಮ್ಮ ಬೊವಾಡು. ಆರು ವರ್ಷದವನು. ನಾನು ಅವನ ಅಕ್ಕ, ಬೆಳಗ್ಗೆ ಅವನ ಮೂಗು ಒರೆಸಿದ್ದೀನಿ. ಎಲ್ಲ ಗೊತ್ತು ಅವನಿಗೆ. ಆದರೂ ಸುಟ್ಟ ಬಾಳೆಕಾಯಿ ಹಿಡ್ಕೊಂಡು ಅಳ್ತಾ ಬಂದು 'ತಿನ್ನೇ ಅನಾಥೆ' ಅಂದ. ಆಮೇಲೆ ಅಂಪೊಫೊನ ಮೊಣಕಾಲಿಗೆ ಕಚ್ಚಿದ!"

"ಅದೇ ಬೊವಾಡು ಮಾವಾನಾ?"

"ಅದೇ. ಈಗ ಕುಲದ ಹಿರಿಯ. ಹೊಟ್ಟೆ ಬಂದಿದೆ, ಬುದ್ಧಿ ಬಂದಿಲ್ಲ."

ಅಂಪೊಫೊ ಮುದುಕನಾಗಿ ಹಾಸಿಗೆ ಹಿಡಿದಾಗ ಮಲತಾಯಿಯ ಪಾತ್ರವನ್ನು ಫೋಸುವಾಳಿಗೆ ಬಿಟ್ಟುಕೊಟ್ಟ. ಹಲ್ಲಿಲ್ಲದ ಬಾಯಲ್ಲಿ ಒಂದು ಮಾತು ಹೇಳಿದ: "ಕೆಟ್ಟವಳು ಅಂತ ಆಡಬೇಡ. ಅವಳ ಲೆಕ್ಕಕ್ಕೆ ಅವಳು ಒಳ್ಳೆಯವಳು." ಮೊದಲ ದಿನವೇ ಜನ ಕಡಲೆಕಾಯಿ ಸಿಪ್ಪೆ ಎಸೆದರು. ಆಮೇಲೆ ಅಕ್ರಾದಲ್ಲಿ ಟೀವಿ ಬಂತು, ವಿಡಿಯೋ ಸಿನಿಮಾ ಬಂತು, ಮಲತಾಯಿ ಹೋಗಿ ಅತ್ತೆಯಾದಳು. ಒಬ್ಬ ಟ್ಯಾಕ್ಸಿಯವನು ಕನ್ನಡಿಯಲ್ಲಿ ಮುಖ ಗುರುತಿಸಿ ನಡುದಾರಿಯಲ್ಲಿ ಇಳಿಸಿದ. ಚರ್ಚಿನಲ್ಲಿ ಪಕ್ಕದವರು ಎದ್ದು ಬೇರೆ ಬೆಂಚಿಗೆ ಹೋದರು. ಒಬ್ಬ ಮುದುಕಿ ಬೀದಿಯಲ್ಲಿ ಅಡ್ಡಗಟ್ಟಿ ಕೆನ್ನೆಗೆ ಬಾರಿಸಿದಳು. ಫೋಸುವಾ ಆ ಮುದುಕಿಯ ಕೈ ಹಿಡಿದು ಕಣ್ಣಿಗೊತ್ತಿಕೊಂಡಳಂತೆ.

ಕೇಳುತ್ತ ಅಚಿಯಾಳ ಒನಕೆ ನಿಲ್ಲುತ್ತಿತ್ತು. ಒಬ್ಬ ಹೆಂಗಸು ತನ್ನ ಒಳ್ಳೆಯ ಹೆಸರನ್ನು ಹೀಗೆ ಪೂರ್ತಿ ತೆತ್ತುಬಿಡುವುದುಂಟೆ, ಒಂದಿಷ್ಟೂ ತನಗೆಂದು ಇಟ್ಟುಕೊಳ್ಳದೆ?

ವರ್ಷ ತುಂಬಿತು. ಅಚಿಯಾ ಕಪ್ಪು ತೆಗೆದು, ಶೋಕ ಮುಗಿದ ಗುರುತಿಗೆ ಬಿಳಿ ಉಟ್ಟಳು. ಆ ವಾರವೇ ಬೊವಾಡು ಬಂದ. ಮೈಸುತ್ತ ಹೊದ್ದ ದೊಡ್ಡ ಬಟ್ಟೆಯನ್ನು ಎಡ ಹೆಗಲ ಮೇಲೆ ಸರಿಪಡಿಸಿಕೊಳ್ಳುತ್ತ ಕೂತು, ನೀರು ಕುಡಿದು, ಕುಶಲ ಕೇಳಿ, ಫೋಸುವಾ ಬಡಿಸಿದ್ದನ್ನು ಉಣ್ಣುತ್ತ ಮೆಲ್ಲಗೆ ಶುರುಮಾಡಿದ.

"ನಾವೇನು ಕಟುಕರಲ್ಲ ಮಗಳೇ. ವರ್ಷ ಕಳೀಲಿ ಅಂತ ಕಾದಿದ್ದೀವಿ. ಆದರೆ ನೆಲ ನಮ್ಮ ಅಜ್ಜಿಯದು. ಕುಲದ ನೆಲದ ಮೇಲೆ ನಿಂತಿದ್ದು ಕುಲಕ್ಕೇ ಬರಬೇಕು. ಮಕ್ಕಳಿದ್ದಿದ್ದರೆ ಮಾತು ಬೇರೆ. ನೀನು ಚಿಕ್ಕವಳು, ಓದಿದವಳು, ಇನ್ನೊಂದು ಬದುಕಿದೆ ನಿಂಗೆ. ಪಾತ್ರೆ ಪಗಡೆ ಬೇಕಿದ್ದರೆ ತಗೊಂಡು ಹೋಗು, ಯಾರೂ ಬೇಡ ಅನ್ನಲ್ಲ. ಸೋಮವಾರ ಕುಲದವರು ಸೇರ್ತೀವಿ. ಅವತ್ತು ಬೀಗದ ಕೈ ಕೊಟ್ಟುಬಿಡು."

ಅವರ ರೂಢಿಯಲ್ಲಿ ಮಗನ ಆಸ್ತಿ ತಾಯಿಯ ಕುಲಕ್ಕೆ. ಫೋಸುವಾ, ಬೊವಾಡು, ತೀರಿಕೊಂಡ ಅಕೆಂಟೆನ್ ಎಲ್ಲ ಒಂದು ಕುಲ. ಅಚಿಯಾ ಬೇರೆ ಕುಲ. ಈಚಿನ ಕಾನೂನು ಹೆಂಡತಿಗೂ ಪಾಲು ಕೊಡುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ವಿಶ್ವವಿದ್ಯಾಲಯದಲ್ಲಿ ಅದನ್ನು ಓದಿ ಪಾಸಾದವಳೇ. ಆದರೆ ಕೋರ್ಟಿನ ಮೆಟ್ಟಿಲು ಹತ್ತಲು ಕೋಪ ಬೇಕು. ಅವಳಲ್ಲಿ ಅಳು ಬತ್ತಿದ ಹಾಗೆ ಕೋಪವೂ ಬತ್ತಿತ್ತು. ಆ ಎತ್ತರದ ಕಿಟಕಿಯ ಕೆಳಗಿನ ಮಣೆಯೊಂದನ್ನು ಬಿಟ್ಟರೆ ಅವಳಿಗೆ ಈ ಲೋಕದಲ್ಲಿ ಬೇರೇನೂ ತನ್ನದೆನಿಸುತ್ತಿರಲಿಲ್ಲ. ಅದೂ ಹೋದರೆ ತಾನು ಎಲ್ಲಿ ನಿಲ್ಲುವುದೆಂದು ಅವಳಿಗೆ ತಿಳಿಯಲಿಲ್ಲ. ಅವಳು ಅತ್ತೆಯ ಮುಖ ನೋಡಿದಳು.

"ಅಕ್ಕ, ನೀನೇನಂತೀಯ?" ಬೊವಾಡು ಕೇಳಿದ.

ಫೋಸುವಾ ಅವನಿಗೆ ಇನ್ನೊಂದು ಸೌಟು ಸಾರು ಬಡಿಸಿದಳು. "ನಾನೇನನ್ಲಿ? ಕುಲದ ಮಾತು ಕುಲದ ಹಿರಿಯ ಆಡಬೇಕು."

ಅಚಿಯಾಳಿಗೆ ಕಿವಿ ಗುಂಯ್ ಎಂದಿತು.

"ಭಾನುವಾರ ಮಧ್ಯಾಹ್ನ ಆಟ ಇದೆ" ಎಂದಳು ಫೋಸುವಾ. "ಬಾ. ಕುಲದ ಹಿರಿಯರನ್ನೆಲ್ಲ ಕರ್ಕೊಂಡು ಬಾ. ಮುಂದಿನ ಸಾಲಲ್ಲಿ ಕುರ್ಚಿ ಹಾಕಿಸ್ತೀನಿ."

"ಅದೇ ಕೆಟ್ಟ ಪಾತ್ರಾನಾ?"

"ಇನ್ಯಾವುದಿದೆ ನಂಗೆ?"

ಭಾನುವಾರ ಚರ್ಚು ಬಿಟ್ಟ ಜನವೆಲ್ಲ ಸಿನಿಮಾ ಹಾಲಿನ ಹಿಂದಿನ ಬಯಲಿಗೆ ಬಂದಿತ್ತು. ಬೆಂಚು ಸಾಲದೆ ಗೋಡೆ ಹತ್ತಿದ್ದರು. ಅಚಿಯಾ ನಡುವಿನ ಸಾಲಿನಲ್ಲಿ ಕೂತಳು. ಬರಬಾರದೆಂದುಕೊಂಡಿದ್ದಳು. ಆದರೆ ಬೆಳಗ್ಗೆ ಫೋಸುವಾ ಹೊರಡುವಾಗ ಅವಳ ಕೈಗೊಂದು ಮೇಲ್ಸಿಪ್ಪೆ ಮಾತ್ರ ಹೆರೆದ ಇಡೀ ಕಿತ್ತಳೆ ಕೊಟ್ಟು "ಮಧ್ಯಾಹ್ನ ಬಿಸಿಲು ಜಾಸ್ತಿ, ಹೀರ್ಕೊಂಡು ಕೂತ್ಕೋ" ಎಂದಿದ್ದಳು. ಅಷ್ಟಕ್ಕೆ ಬಂದಳು. ಮುಂದಿನ ಸಾಲಿನಲ್ಲಿ ಬೊವಾಡುವಿನ ಅಗಲ ಬೆನ್ನು ಕಾಣುತ್ತಿತ್ತು. ಆಚೀಚೆ ಕುಲದ ಮುದುಕರು.

ಆಟ ಎಲ್ಲರಿಗೂ ಬಾಯಿಪಾಠ. ಮಗ ಸಾಯುತ್ತಾನೆ, ಅತ್ತೆ ಬರುತ್ತಾಳೆ, ಕಿರುಚುತ್ತಾಳೆ, ಸೊಸೆಯ ಪೆಟ್ಟಿಗೆಯನ್ನು ಬೀದಿಗೆ ಎಸೆಯುತ್ತಾಳೆ. ಆ ಕಿರುಚಾಟಕ್ಕೆಂದೇ ಜನ ಬರುವುದು. ಸೊಸೆಯ ಪಾತ್ರದ ಹುಡುಗಿ ಫ್ರೇಮಾ ಮೂಲೆಯಲ್ಲಿ ಮುದುರಿ ಕೂತಳು. ಫೋಸುವಾ ಬಂದಳು. ಜನ ಉಸ್ಸೆಂದು ಉಗಿಯಲು ಬಾಯಿ ತೆರೆದರು.

ಅವಳು ಕಿರುಚಲಿಲ್ಲ. ನಿಧಾನ ಕೂತು, ನೀರು ಕೇಳಿ ಕುಡಿದು, ಬಟ್ಟೆಯನ್ನು ಎಡ ಹೆಗಲ ಮೇಲೆ ಸರಿಪಡಿಸಿಕೊಂಡಳು. ಆಮೇಲೆ ತನ್ನ ಮನೆಯ ಸಣ್ಣ ದನಿಯಲ್ಲಿ ಅಂದಳು:

"ನಾವೇನು ಕಟುಕರಲ್ಲ ಮಗಳೇ."

ಅಚಿಯಾಳ ಕೈ ಕಿತ್ತಳೆಯ ಮೇಲೆ ಬಿಗಿಯಾಯಿತು.

ಅಷ್ಟು ಜನರಿದ್ದ ಬಯಲಿನಲ್ಲಿ ಆ ಸಣ್ಣ ದನಿ ಕೊನೆಯ ಗೋಡೆಯವರೆಗೆ ಹೇಗೆ ತಲುಪಿತೋ! ಜನ ಉಸಿರು ಬಿಡುವುದನ್ನು ಮರೆತು ಮುಂದಕ್ಕೆ ಬಾಗಿದರು. "ಪಾತ್ರೆ ಪಗಡೆ ಬೇಕಿದ್ದರೆ ತಗೊಂಡು ಹೋಗು" ಎಂದಳು. ಫ್ರೇಮಾ ಪಾತ್ರೆಗೆ ಕೈ ಹಾಕಿದಳು. "ಅದನ್ನ ಅಲ್ಲ, ಅದು ನನ್ನ ಮಗ ಉಣ್ತಿದ್ದದ್ದು." ಇನ್ನೊಂದಕ್ಕೆ ಕೈ ಹಾಕಿದಳು. "ಅದೂ ಬೇಡ, ಹೊಸದು." ಚಾಪೆ ಸುತ್ತಿದಳು. "ಚಾಪೆ ನೆಲಕ್ಕೆ ಸೇರಿದ್ದಲ್ವಾ? ನೆಲ ನಮ್ಮ ಅಜ್ಜಿಯದು." ಒಂದೊಂದನ್ನೂ ಹೂವೆತ್ತುವ ಹಾಗೆ ಮೃದುವಾಗಿ ತೆಗೆದುಕೊಂಡು ಪಕ್ಕಕ್ಕಿಟ್ಟಳು. ಕೊನೆಗೆ ಹುಡುಗಿ ಬರಿಗೈಯಲ್ಲಿ ನಿಂತಾಗ ಅವಳ ಕೆನ್ನೆ ಸವರಿ, "ನೀನು ಓದಿದವಳು. ಇನ್ನೊಂದು ಬದುಕಿದೆ ನಿಂಗೆ. ಆ ತಲೆಬಟ್ಟೆ ಬಿಚ್ಚಿಕೊಟ್ಟು ಹೋಗು" ಎಂದಳು.

ಬಯಲು ಸಿಡಿಯಿತು. "ಥೂ ನಿನ್ನ! ಹಾವು! ನಿನ್ನ ಬಾಯಿಗೆ ಮಣ್ಣು ಹಾಕ!" ಕಡಲೆಕಾಯಿ ಸಿಪ್ಪೆ, ತಿಂದ ಜೋಳದ ದಿಂಡು, ಚಪ್ಪಲಿ ಹಾರಿದವು. ಹೆಂಗಸರು ಎದೆ ಬಡಿದುಕೊಳ್ಳುತ್ತ ರಂಗ ಹತ್ತಿದರು. ಒಬ್ಬಳು ಫ್ರೇಮಾಳ ಮಡಿಲಿಗೆ ಕೆಂಕಿ ಹಾಕಿದಳು, ಒಬ್ಬಳು ತನ್ನ ತಲೆಬಟ್ಟೆಯನ್ನೇ ಬಿಚ್ಚಿ ಕಟ್ಟಿದಳು. ಅಚಿಯಾ ಯಾವಾಗ ಎದ್ದು ನಿಂತಳೋ ಅವಳಿಗೇ ಗೊತ್ತಿಲ್ಲ. ಎದೆಯೊಳಗೆ ಏನೋ ಹೊತ್ತಿಕೊಂಡು ಕಣ್ಣಿನವರೆಗೂ ಬಂದಿತ್ತು. ಅದು ತನ್ನ ಅತ್ತೆ, ಬೆಳಗ್ಗೆ ತನಗೆ ಗಂಜಿ ಬಡಿಸಿದವಳು. ಎಲ್ಲವೂ ಗೊತ್ತಿತ್ತು. ಗೊತ್ತಿದ್ದೂ ಅವಳ ಕೈ ಕಿತ್ತಳೆಯನ್ನು ಬೀಸಿ ಎಸೆಯಿತು. ಅದು ಫೋಸುವಾಳ ಹಣೆಗೆ ಬಡಿದು ಒಡೆಯಿತು. ಫೋಸುವಾ ರೆಪ್ಪೆ ಕೂಡ ಬಡಿಯಲಿಲ್ಲ. ರಸ ಮೂಗಿನ ಮೇಲಿಂದ ಇಳಿಯುತ್ತಿದ್ದರೂ ತಲೆಬಟ್ಟೆಗೆಂದು ಚಾಚಿದ ಕೈ ಚಾಚಿಯೇ ಇತ್ತು.

ಆಗ ಮುಂದಿನ ಸಾಲಿನಿಂದ ಬೊವಾಡು ಎದ್ದ.

ಅವನ ಮುಖ ಒದ್ದೆಯಾಗಿತ್ತು. ಚಪ್ಪಲಿ ಅಲ್ಲೇ ಬಿಟ್ಟು, ಜಾರುತ್ತಿದ್ದ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ರಂಗ ಹತ್ತಿದ. "ಸಾಕು!" ಎಂದು ಗುಡುಗಿದ. "ನಾಚಿಕೆ ಆಗಲ್ವಾ ನಿಂಗೆ? ಗಂಡ ಸತ್ತ ಹುಡುಗಿ ಅದು!"

ಫೋಸುವಾ ಅವನನ್ನು ಗುರುತಿನವನಂತೆ ನೋಡಲಿಲ್ಲ. ಪಾತ್ರದೊಳಗಿಂದಲೇ ತಲೆಯೆತ್ತಿದಳು. "ನೀವ್ಯಾರಪ್ಪ ಕೇಳೋಕೆ?"

"ನಾನು ಕುಲದ ಹಿರಿಯ!"

"ಹಿರಿಯರಾ? ಹಾಗಾದರೆ ನೀವೇ ಹೇಳಿ. ಮನೆ ಯಾರದು?"

"ಅವಳದು! ಅವಳ ಗಂಡ ಕಟ್ಟಿಸಿದ್ದು, ಅವಳದೇ!"

"ನೆಲ ಅಜ್ಜಿಯದಲ್ವಾ?"

"ಆ ಅಜ್ಜಿ ಬದುಕಿದ್ದಿದ್ದರೆ ನಿನ್ನ ಕಪಾಳಕ್ಕೆ ಹೊಡೀತಿದ್ದಳು!"

ಜನ ಹೋ ಎಂದಿತು. ಬೊವಾಡು ಮೈಮೇಲಿನ ಬಟ್ಟೆಯ ಅರ್ಧವನ್ನು ಎಳೆದು ಫ್ರೇಮಾಳ ಹೆಗಲಿಗೆ ಹೊದಿಸಿದ. ಫೋಸುವಾ ಸದ್ದು ಅಡಗುವವರೆಗೆ ಕಾದಳು. ಕಾಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಬಯಲು ಮತ್ತೆ ಉಸಿರು ಹಿಡಿದಾಗ, ಎಲ್ಲರಿಗೂ ಕೇಳುವ ಹಾಗೆ ಮೆಲ್ಲಗೆ ಕೇಳಿದಳು:

"ನಿಮ್ಮ ಕುಲದಲ್ಲೂ ಮನೆ ಸೊಸೆಗೇ ಬಿಡ್ತೀರಾ, ಹಿರಿಯರೇ?"

ಬೊವಾಡು ತಿರುಗಿ ನೋಡಿದ. ಅವನ ಕಣ್ಣು ಮುಂದಿನ ಸಾಲಿನ ಮುದುಕರ ಮೇಲೆ ಹೋಯಿತು, ಗೋಡೆ ಹತ್ತಿದ್ದ ಜನರ ಮೇಲೆ ಹೋಯಿತು, ನಡುವಿನ ಸಾಲಿನಲ್ಲಿ ಬರಿಗೈಯಲ್ಲಿ ನಿಂತಿದ್ದ ಅಚಿಯಾಳ ಮೇಲೆ ಬಂದು ನಿಂತಿತು. ತಾನು ನಿಂತಿರುವುದು ಎಲ್ಲಿ, ಆಡಿದ್ದು ಏನು ಎಂದು ಅವನಿಗೆ ಆಗ ಹೊಳೆಯಿತು. ಮುಂದಿನ ಸಾಲಿನ ಒಬ್ಬ ಮುದುಕ ಕೋಲು ಕುಟ್ಟಿ ಕೂಗಿದ: "ಹೇಳಯ್ಯಾ, ಕೇಳ್ತಿದ್ದಾಳಲ್ಲ!"

ಕುಲದ ಹಿರಿಯನಾದವನು ಊರೆದುರು ನಿಂತು ಆಡಿದ ಮಾತನ್ನು ಮರುದಿನ ನುಂಗುವ ಹಾಗಿಲ್ಲ.

"ಸೊಸೆಗೇ ಬಿಡ್ತೀವಿ" ಎಂದ ಬೊವಾಡು. ಮೊದಲು ಮೆಲ್ಲಗೆ. ಆಮೇಲೆ ಅಚಿಯಾಳ ಕಡೆ ನೋಡುತ್ತಲೇ ಇನ್ನೊಮ್ಮೆ, ಜೋರಾಗಿ.

ಆಟ ಮುಗಿದ ಮೇಲೆ ಅಚಿಯಾ ಪರದೆಯ ಹಿಂದೆ ಹೋದಾಗ ಬೊವಾಡು ಅಲ್ಲಿ ಕುದಿಯುತ್ತಿದ್ದ.

"ಮೋಸ ಅಕ್ಕ ಇದು! ಶುದ್ಧ ಮೋಸ!"

"ಯಾರು ಹತ್ತು ಅಂದ್ರೋ ನಿಂಗೆ?" ಫೋಸುವಾ ಹಣೆಗೆ ಒದ್ದೆ ಬಟ್ಟೆ ಒತ್ತಿಕೊಂಡಿದ್ದಳು. "ವರ್ಷವೆಲ್ಲ ಕಾಲು ಹಿಡಿದು ಕೇಳ್ಕೊಂಡೆ, ಹುಡುಗೀನ ಬಿಟ್ಟುಬಿಡು ಅಂತ. ಏನಂದೆ ನೀನು? 'ಅಕ್ಕ, ನಾಟಕ ಆಡಬೇಡ' ಅಂದೆ. ಒಳ್ಳೆ ಮಾತಾಡಿದರೆ ನನ್ನನ್ನ ಯಾರು ನಂಬ್ತಾರೆ? ಕೆಟ್ಟದ್ದು ಆಡಿದೆ, ನೀನು ನಂಬಿದೆ."

ಬೊವಾಡು ಕುರ್ಚಿಯಲ್ಲಿ ಕುಸಿದ. ಅವನ ಹೊಟ್ಟೆ ಕುಲುಕತೊಡಗಿತು. ನಗುತ್ತಿದ್ದಾನೋ ಅಳುತ್ತಿದ್ದಾನೋ ತಿಳಿಯಲಿಲ್ಲ. "ಆ ತಲೆಬಟ್ಟೆ ಕೇಳಿದೆಯಲ್ಲ" ಎಂದ. "ಆಗ ನಿನ್ನ ಕೊಂದುಬಿಡಬೇಕು ಅನ್ನಿಸ್ತು." ಆಮೇಲೆ ಅಚಿಯಾಳ ಕಡೆ ತಿರುಗಿ, ಅವಳ ಕಣ್ಣು ನೋಡದೆ ಹೇಳಿದ: "ನಾಳೆ ಬೀಗದ ಕೈ ತರಬೇಡ. ನಿನ್ನ ಹತ್ರಾನೇ ಇಟ್ಕೋ."

ಅಚಿಯಾ ತಲೆಯಾಡಿಸಿದಳು.

"ಕಿತ್ತಳೆ ಯಾರು ಎಸೆದದ್ದು?" ಫೋಸುವಾ ಕನ್ನಡಿಯಲ್ಲಿ ಬಾವು ನೋಡಿಕೊಳ್ಳುತ್ತ ಕೇಳಿದಳು. "ನಲವತ್ತು ವರ್ಷದಲ್ಲಿ ಇಷ್ಟು ನೆಟ್ಟಗೆ ಗುರಿ ಹಿಡಿದವರಿಲ್ಲ."

"ನಾನು, ಅತ್ತೆ."

ಫೋಸುವಾ ತಿರುಗಿದಳು. ಬಳಿದ ಬಣ್ಣ ಅರ್ಧ ಹೋಗಿತ್ತು, ಅರ್ಧ ಇತ್ತು. ಸೊಸೆಯನ್ನು ನೋಡಿದಳು. ಆ ಕಣ್ಣಲ್ಲಿ ಹೆಮ್ಮೆ ತುಂಬಿ ಬಂತು. "ನೀನಾ?" ಎಂದಳು. "ನೀನೂ ನಂಬಿಬಿಟ್ಯಾ?"

ಅಚಿಯಾ ಕೈಯನ್ನು ಮೂಗಿನ ಬಳಿ ತಂದಳು. ಬೆರಳುಗಳಲ್ಲಿ ಇನ್ನೂ ಕಿತ್ತಳೆಯ ವಾಸನೆ. ಒಂದು ವರ್ಷದ ಮೇಲೆ ಅವಳಿಗೆ ಏನೋ ಒಂದರ ವಾಸನೆ ಬರುತ್ತಿತ್ತು.

ಹೊರಗೆ ಜನ ಇನ್ನೂ ಚದುರಿರಲಿಲ್ಲ. ಫೋಸುವಾ ಬಾಗಿಲು ದಾಟಿದ್ದೇ ತಡ, ಎರಡೂ ಕಡೆಯಿಂದ ಬೈಗುಳ ಸುರಿಯಿತು. ಒಬ್ಬ ಟ್ಯಾಕ್ಸಿಯವನೂ ಗಾಡಿ ನಿಲ್ಲಿಸಲಿಲ್ಲ. ಅವಳು ಆ ಬೈಗುಳದ ನಡುವೆ ತಲೆ ನೇರ ಇಟ್ಟು, ಯಾವ ಅವಸರವೂ ಇಲ್ಲದೆ, ರಾಣಿಯೊಬ್ಬಳು ತನ್ನ ಊರೊಳಗೆ ನಡೆಯುವ ಹಾಗೆ ನಡೆದಳು. ಅಚಿಯಾ ಹಿಂದೆ ಬರುತ್ತಿದ್ದಳು. ಗುಂಪಿನಿಂದ ಒಂದು ಕೈ ಅವಳ ತೋಳು ಹಿಡಿದು ನಿಲ್ಲಿಸಿತು. ಟೊಮೆಟೊದವಳು.

"ಅವಳ ಹಿಂದೆ ಹೋಗಬೇಡ ಮಗಳೇ! ಇವತ್ತು ಅವಳ ಬಣ್ಣ ನೋಡ್ಲಿಲ್ವಾ?"

ತಾನು ಒಳ್ಳೆಯವಳೆಂದು ಯಾರಿಗೂ ಹೇಳಬೇಡವೆಂದು ಅತ್ತೆ ತಾಕೀತು ಮಾಡಿದ್ದು ಅಚಿಯಾಳಿಗೆ ನೆನಪಾಯಿತು.

"ಅವರು ನಮ್ಮತ್ತೆ" ಎಂದಳು, ಅಷ್ಟೇ.

"ಅಯ್ಯೋ ಪಾಪವೇ!" ಟೊಮೆಟೊದವಳು ಮಡಿಲಿನಿಂದ ಬೇಯಿಸಿದ ಮೊಟ್ಟೆಯೊಂದನ್ನು ತೆಗೆದು ಅವಳ ಅಂಗೈಯಲ್ಲಿಟ್ಟು ಬೆರಳು ಮುಚ್ಚಿದಳು. "ಬಚ್ಚಿಟ್ಕೊಂಡು ತಿನ್ನು. ಅವಳಿಗೆ ಕೊಡಬೇಡ."

ಅಚಿಯಾ ದೊಡ್ಡ ದೊಡ್ಡ ಹೆಜ್ಜೆಯಿಟ್ಟು ಅತ್ತೆಯನ್ನು ಕೂಡಿಕೊಂಡಳು. ತಿರುವು ದಾಟಿ ಬೈಗುಳ ಹಿಂದಾದ ಮೇಲೆ ಮೊಟ್ಟೆ ಸುಲಿದು, ಎರಡು ಹೋಳು ಮಾಡಿ, ಹಳದಿ ಹೆಚ್ಚಿದ್ದ ಭಾಗವನ್ನು ಅವಳ ಕೈಗಿಟ್ಟಳು.

"ಎಲ್ಲಿಂದ ಬಂತು?" ಫೋಸುವಾ ತಿನ್ನುತ್ತ ಕೇಳಿದಳು.

"ನೀವು ನಂಗೆ ಊಟ ಹಾಕಲ್ಲ ಅಂತ ಕೊಟ್ಟರು."

ಫೋಸುವಾ ನಿಂತು, ಬಾಯಿ ತುಂಬ ಮೊಟ್ಟೆ ಇಟ್ಟುಕೊಂಡೇ ನಕ್ಕಳು. ಅಚಿಯಾಳಿಗೂ ನಗು ಬಂತು. ಅದರ ಹಿಂದೆಯೇ, ತಡೆಯಲು ಎಡೆ ಕೊಡದೆ, ಅಳು ಬಂತು. ಹಾದಿಯ ನಡುವೆಯೇ ನಿಂತು ಅತ್ತಳು. ಈ ಸಲ ಫೋಸುವಾ ಅವಳ ಮುಂದೆ ನಿಂತು ಮರೆ ಮಾಡಲಿಲ್ಲ. ಪಕ್ಕದಲ್ಲಿ ನಿಂತು, ಅವಳ ಅಳು ಮುಗಿಯುವವರೆಗೆ ಕಾದಳು.